ತಂತಿಯಿಲ್ಲದೆ ಬಂದ ಚಿತ್ರ

ಬ್ರಹ್ಮಗಿರಿಯ ಬಂಡೆಯಿಂದ ಉಳ್ಳಾರ್ತಿಯ ಗುಂಡಿಗಳವರೆಗೆ

ಚಳ್ಳಕೆರೆ ಸೀಮೆಯಲ್ಲಿ ಗುಂಡಿ ತೋಡುವುದು ಹೊಸ ಕೆಲಸವೇನಲ್ಲ. ಮಳೆ ಕೈಕೊಡುವ ಈ ನೆಲದಲ್ಲಿ ಬಾವಿ, ಹೊಂಡ, ಗೋಕಟ್ಟೆಗಳನ್ನು ಜನ ತಲೆಮಾರುಗಳಿಂದ ತೋಡುತ್ತಲೇ ಬಂದಿದ್ದಾರೆ. ಆದರೆ 2016ರ ಹೊತ್ತಿಗೆ ಉಳ್ಳಾರ್ತಿ ಕಾವಲಿನಲ್ಲಿ ತೋಡಿದ ಗುಂಡಿಗಳ ಉದ್ದೇಶ ಬೇರೆ. ಅವು ನೀರು ನಿಲ್ಲಲೆಂದು ತೋಡಿದವಲ್ಲ. ಮೇಲಿನಿಂದ ನೋಡಿದಾಗ ಚಂದ್ರನ ಮೈಮೇಲಿನ ಕುಳಿಗಳಂತೆ ಕಾಣಲೆಂದು ತೋಡಿದವು. ಅವುಗಳ ಮೇಲೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ, ಅಂದರೆ ಇಸ್ರೋದ, ಪುಟ್ಟ ವಿಮಾನವೊಂದು ಹಾರಿತು. ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯುವಾಗ ಬಳಸಬೇಕಾಗಿದ್ದ ಸಂವೇದಕಗಳು ಅದರಲ್ಲಿದ್ದವು. ಕುರಿ ಕಾಯುವವರು ನಡೆದಾಡಿದ ನೆಲ, ಯಂತ್ರಕ್ಕೆ ಚಿತ್ರ ಓದಲು ಕಲಿಸುವ ಪಾಠಶಾಲೆಯಾಯಿತು.

ಇಂದು ಕ್ಯಾಮೆರಾದಲ್ಲಿ ತೆಗೆದ ಚಿತ್ರ ತಂತಿಯಿಲ್ಲದೆ ಕಂಪ್ಯೂಟರಿಗೆ ಹೋಗುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಮದುವೆ ಮನೆಯ ಛಾಯಾಗ್ರಾಹಕ ಮುಹೂರ್ತದ ಚಿತ್ರವನ್ನು ಊಟದ ಪಂಕ್ತಿ ಏಳುವಷ್ಟರಲ್ಲಿ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾನೆ. ಆದರೆ ಈ ಸುಲಭದ ಹಿಂದೆ ಒಂದೂಮುಕ್ಕಾಲು ಶತಮಾನದ ಪರಿಶ್ರಮವಿದೆ. ಆ ಇತಿಹಾಸದ ಕೆಲವು ಮುಖ್ಯ ಪುಟಗಳು ಕರ್ನಾಟಕದಲ್ಲಿಯೇ, ಅದರಲ್ಲೂ ಚಳ್ಳಕೆರೆಯ ಬಯಲಿನಲ್ಲಿ ಬರೆಯಲ್ಪಟ್ಟಿವೆ. ಅದಕ್ಕಿಂತ ಸ್ವಾರಸ್ಯದ ಮಾತೆಂದರೆ, ದೂರಕ್ಕೆ ಸಂದೇಶ ಕಳಿಸುವ ಕಲೆಯ ಮೂಲಪಾಠವೆಲ್ಲ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಒಂದು ಬಂಡೆಯ ಮೇಲೆ ಇಪ್ಪತ್ತೆರಡು ಶತಮಾನಗಳ ಹಿಂದೆಯೇ ಕೆತ್ತಲ್ಪಟ್ಟಿದೆ.

ಅಕ್ಷರದ ಗುಂಡು

ಬ್ರಿಟಿಷ್ ಕಾಲದ ಮೈಸೂರು ಸಂಸ್ಥಾನದಲ್ಲಿ ಶಾಸನಗಳ ಶೋಧಕ್ಕೆ ಬದುಕನ್ನೇ ಮುಡಿಪಾಗಿಟ್ಟ ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯ ಚಕ್ರವರ್ತಿಯ ಮಾತು ಇಷ್ಟು ದಕ್ಷಿಣಕ್ಕೆ ತಲುಪಿತ್ತೆಂಬುದು ಆಗ ವಿದ್ವಾಂಸರಿಗೆ ದೊಡ್ಡ ಸುದ್ದಿ. ಸ್ಥಳೀಯರಿಗೆ ಈ ಬಂಡೆಗಳು ಮೊದಲೇ ಪರಿಚಿತವಾಗಿದ್ದವು. ಬ್ರಹ್ಮಗಿರಿಯದನ್ನು ಅವರು ಅಕ್ಷರದ ಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಅಲ್ಲಿ ಅಕ್ಷರವಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು; ಓದಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ.

ಆ ಶಾಸನದ ರಚನೆ ಗಮನಿಸಬೇಕಾದದ್ದು. ಮೊದಲು ಬರುವುದು ಕಳಿಸಿದವರ ವಿಳಾಸ: ಸುವರ್ಣಗಿರಿಯಿಂದ, ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ. ಅನಂತರ ಸ್ವೀಕರಿಸುವವರ ವಿಳಾಸ: ಇಸಿಲ ಎಂಬ ಊರಿನ ಮಹಾಮಾತ್ರರಿಗೆ. ಆಮೇಲೆ ಕುಶಲ ಪ್ರಶ್ನೆ. ಅದರ ಬಳಿಕವೇ ಚಕ್ರವರ್ತಿಯ ಸಂದೇಶ. ಕೊನೆಗೆ ಬರೆದವನ ಗುರುತು: ಲಿಪಿಕಾರ ಚಪಡ. ಈ ಚಪಡ ಲಿಪಿಕಾರ ಎಂಬರ್ಥದ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ದೂರದ ವಾಯವ್ಯ ಪ್ರಾಂತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಭಾಗದಿಂದ ಬಂದವನೋ, ಅಲ್ಲಿ ತರಬೇತಿ ಪಡೆದವನೋ ಇರಬೇಕು. ಎರಡು ಲಿಪಿ ಬಲ್ಲೆನೆಂಬ ಹೆಮ್ಮೆಯೂ ಅದರಲ್ಲಿ ಇದ್ದೀತು.

ಇಂದಿನ ನಿಸ್ತಂತು ಜಾಲದಲ್ಲಿ ಚಿತ್ರವೊಂದು ಹೋಗುವ ಕ್ರಮವೂ ಹೆಚ್ಚೂಕಡಿಮೆ ಇದೇ. ಚಿತ್ರವನ್ನು ಸಾವಿರಾರು ಸಣ್ಣ ಪೊಟ್ಟಣಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ಪೊಟ್ಟಣದ ತಲೆಯಲ್ಲಿ ಕಳಿಸಿದ ಯಂತ್ರದ ವಿಳಾಸ ಮತ್ತು ಪಡೆಯುವ ಯಂತ್ರದ ವಿಳಾಸ ಇರುತ್ತದೆ. ಚಿತ್ರ ಹೊರಡುವ ಮೊದಲು ಎರಡೂ ಯಂತ್ರಗಳ ನಡುವೆ ಒಂದು ಬಗೆಯ ಕುಶಲ ವಿನಿಮಯ ನಡೆಯುತ್ತದೆ. ಪೊಟ್ಟಣದ ಬಾಲದಲ್ಲಿ, ಒಳಗಿನ ಸಂಗತಿ ಕೆಟ್ಟಿಲ್ಲವೆಂದು ತಾಳೆ ನೋಡಲು ಒಂದು ಗುರುತಿನ ಸಂಖ್ಯೆ. ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕಿಯೂ ಇದೆ. ಇದು ಸಂಚಾರದಲ್ಲಿ ಕಳೆದ ಇರುಳುಗಳ ಲೆಕ್ಕವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಎಂಟು ಬಿಟ್‌ಗಳ ಕಪ್ಪು ಬಿಳುಪು ಡಿಜಿಟಲ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವ ಛಾಯೆಗಳ ಸಂಖ್ಯೆಯೂ 256. ಇದು ಬರಿಯ ಕಾಕತಾಳೀಯ; ಆದರೂ ಮರೆಯಲಾಗದ ಕಾಕತಾಳೀಯ.

ರೈಸ್ ಅವರ ಮುಂದಿದ್ದ ಸಮಸ್ಯೆ ಚಿತ್ರ ಸಾಗಣೆಯದೇ. ಬಂಡೆಯನ್ನು ಎತ್ತಿಕೊಂಡು ಹೋಗುವಂತಿಲ್ಲ. ಓದಬಲ್ಲವರನ್ನೆಲ್ಲ ಅಲ್ಲಿಗೆ ಕರೆತರುವಂತಿಲ್ಲ. ಅದಕ್ಕಿದ್ದ ಉಪಾಯವೆಂದರೆ ಪಡಿಯಚ್ಚು. ಬಂಡೆಯನ್ನು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಅಕ್ಷರದ ಕುಳಿಯೊಳಗೆ ಕಾಗದ ಕೂರುವಂತೆ ಮಾಡಿ, ಮೇಲೆ ಮಸಿ ತಟ್ಟಿದರೆ ಉಬ್ಬಿದ ಭಾಗ ಕಪ್ಪಾಗಿ ಅಕ್ಷರ ಬಿಳಿಯಾಗಿ ಮೂಡುತ್ತದೆ. ಇಂಥ ಪಡಿಯಚ್ಚುಗಳ ನೆರವಿನಿಂದಲೇ ವಿಯೆನ್ನಾದಲ್ಲಿದ್ದ ಗಿಯೊರ್ಗ್ ಬ್ಯೂಲರ್ ಈ ಶಾಸನಗಳನ್ನು ಓದಿ ಸಂಪಾದಿಸಿದರು. ಕಪ್ಪು ಮತ್ತು ಬಿಳುಪು, ಎರಡೇ ಛಾಯೆಯ ಚಿತ್ರ. ಸಾಗಿಸಿದ್ದು ಅಂಚೆ ಮತ್ತು ಹಡಗು.

ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿರದಿದ್ದರೆ ಆ ಪಡಿಯಚ್ಚುಗಳಿಂದ ಪ್ರಯೋಜನವಿರಲಿಲ್ಲ. ಸಂದೇಶ ಬಂಡೆಯಲ್ಲಿ ಗಟ್ಟಿಯಾಗಿತ್ತು, ದಾರಿಯೂ ಇತ್ತು, ಆದರೆ ಓದುವ ಕೀಲಿ ಕಳೆದುಹೋದದ್ದರಿಂದ ನೂರಾರು ವರ್ಷ ಅದು ಮೂಕವಾಗಿತ್ತು. ಚಿತ್ರ ಸಾಗಣೆಯ ಇಡೀ ಇತಿಹಾಸಕ್ಕೆ ಈ ಮಾತು ಅನ್ವಯಿಸುತ್ತದೆ.

ತಂತಿಯ ಮೇಲಿನ ಮುಖಗಳು

ಚಿತ್ರವನ್ನು ವಿದ್ಯುತ್ತಾಗಿ ಬದಲಿಸಿ ದೂರಕ್ಕೆ ಕಳಿಸುವ ಯೋಚನೆ ಛಾಯಾಗ್ರಹಣದಷ್ಟೇ ಹಳೆಯದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ 1843ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದ. ಚಿತ್ರವನ್ನು ಒಮ್ಮೆಗೇ ಕಳಿಸಲಾಗದು. ಸಾಲು ಸಾಲಾಗಿ ಗೆರೆ ಹೊಡೆದು, ಪ್ರತಿ ಬಿಂದುವಿನಲ್ಲಿ ಕಪ್ಪೋ ಬಿಳುಪೋ ಎಂದು ಹೇಳುತ್ತ ಹೋಗಬೇಕು ಎಂಬುದು ಅವನ ಯೋಚನೆಯ ತಿರುಳು. ಹೊಲ ಉಳುವ ರೈತ ಸಾಲು ತಪ್ಪದಂತೆ ಈ ಬದುವಿನಿಂದ ಆ ಬದುವಿಗೆ ಹೋಗುವ ಹಾಗೆ. ಇಂದಿನ ಮೊಬೈಲ್ ಕ್ಯಾಮೆರಾದವರೆಗೆ ಈ ತತ್ವ ಬದಲಾಗಿಲ್ಲ.

ಜರ್ಮನಿಯ ಆರ್ಥರ್ ಕೋರ್ನ್ ಸೆಲೆನಿಯಂ ಎಂಬ ಧಾತುವನ್ನು ಬಳಸಿದ. ಬೆಳಕು ಬಿದ್ದಾಗ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಆದ್ದರಿಂದ ನಡುವಿನ ಛಾಯೆಗಳನ್ನೂ ಕಳಿಸುವುದು ಸಾಧ್ಯವಾಯಿತು. 1907ರಲ್ಲಿ ಆತ ಬರ್ಲಿನ್ನಿನಿಂದ ಪ್ಯಾರಿಸ್ಸಿಗೆ ತಂತಿಯ ಮೂಲಕ ಛಾಯಾಚಿತ್ರ ಕಳಿಸಿದ. ತಂತಿಯ ಹಂಗನ್ನು ಬಿಟ್ಟು, ರೇಡಿಯೋ ಅಲೆಗಳ ಮೇಲೆ ಅಟ್ಲಾಂಟಿಕ್ ದಾಟಿದ ಛಾಯಾಚಿತ್ರ ಲಂಡನ್ನಿನಿಂದ ನ್ಯೂಯಾರ್ಕಿಗೆ ತಲುಪಿದ್ದು 1924ರ ನವೆಂಬರ್ 30ರಂದು. ರಿಚರ್ಡ್ ರೇಂಜರ್ ಎಂಬ ಎಂಜಿನಿಯರ್ ರೂಪಿಸಿದ ಯಂತ್ರ ಕಳಿಸಿದ್ದು ಅಮೆರಿಕದ ಅಧ್ಯಕ್ಷ ಕೂಲಿಜ್ ಅವರ ಭಾವಚಿತ್ರವನ್ನು. 1935ರ ಜನವರಿ 1ರಿಂದ ಅಸೋಸಿಯೇಟೆಡ್ ಪ್ರೆಸ್ ತನ್ನ ಪತ್ರಿಕೆಗಳಿಗೆ ತಂತಿಚಿತ್ರ ಕಳಿಸತೊಡಗಿತು.

ಕರ್ನಾಟಕದ ಜಿಲ್ಲಾ ಕೇಂದ್ರಗಳ ಪಾಲಿಗೆ ಇದೆಲ್ಲ ಬಹುಕಾಲ ದೂರದ ಮಾತಾಗಿಯೇ ಇತ್ತು. ಚಿತ್ರಗಳಿಗೆ ನಂಬಿಕೆಯ ವಾಹನವೆಂದರೆ ಬಸ್ಸು. ಫಿಲ್ಮ್ ರೀಲನ್ನೋ, ತೊಳೆದು ಮುದ್ರಿಸಿದ ಫೋಟೊವನ್ನೋ ಲಕೋಟೆಯಲ್ಲಿಟ್ಟು, ಸಂಜೆಯ ಬಸ್ಸಿನ ಚಾಲಕನ ಕೈಗೆ ಕೊಟ್ಟು, ಆ ತುದಿಯಲ್ಲಿ ಪತ್ರಿಕಾ ಕಚೇರಿಯ ಹುಡುಗ ಇಳಿಸಿಕೊಳ್ಳುವ ಏರ್ಪಾಡು ಎಷ್ಟೋ ವರ್ಷ ನಡೆಯಿತು. ಬಸ್ಸು ಕೆಟ್ಟು ನಿಂತರೆ ಮರುದಿನದ ಪತ್ರಿಕೆಯಲ್ಲಿ ಸುದ್ದಿ ಮಾತ್ರ, ಚಿತ್ರವಿಲ್ಲ. ಕಳಿಸುವವರು, ಪಡೆಯುವವರು, ಲಕೋಟೆಯ ಮೇಲೆ ವಿಳಾಸ, ಕೊನೆಗೆ ತಲುಪಿತೆಂಬ ಫೋನ್ ಕರೆ: ಇಲ್ಲಿಯೂ ಬ್ರಹ್ಮಗಿರಿಯ ಕ್ರಮವೇ.

ಬೆಳಕು ಅಂಕಿಯಾದದ್ದು

ನಿಸ್ತಂತು ಚಿತ್ರಕ್ಕೆ ನಿಜವಾದ ಒತ್ತಡ ಬಂದದ್ದು ಬಾಹ್ಯಾಕಾಶದಿಂದ. ಅಲ್ಲಿಗೆ ಬಸ್ಸೂ ಹೋಗದು, ತಂತಿಯೂ ಎಳೆಯಲಾಗದು. ಸೋವಿಯತ್ ಒಕ್ಕೂಟದ ಲೂನಾ-3 ನೌಕೆ 1959ರ ಅಕ್ಟೋಬರ್ 7ರಂದು ಚಂದ್ರನ ಆಚೆ ಮಗ್ಗುಲಿನ ಚಿತ್ರಗಳನ್ನು ಮೊದಲ ಬಾರಿಗೆ ತೆಗೆಯಿತು. ಅದರಲ್ಲಿದ್ದದ್ದು ಫಿಲ್ಮು. ನೌಕೆಯೊಳಗೇ ಅದನ್ನು ತೊಳೆದು, ಒಣಗಿಸಿ, ಬೆಳಕಿನ ಕಿರಣದಿಂದ ಸಾಲು ಸಾಲಾಗಿ ಓದಿ, ರೇಡಿಯೋ ಮೂಲಕ ಕಳಿಸಲಾಯಿತು. ಒಂದು ಫೋಟೊ ಸ್ಟುಡಿಯೋದ ಕತ್ತಲೆ ಕೋಣೆಯನ್ನೇ ಆಕಾಶಕ್ಕೆ ಹೊತ್ತೊಯ್ದ ಹಾಗಾಯಿತು.

ಅಮೆರಿಕದ ಮ್ಯಾರಿನರ್-4 ನೌಕೆ 1965ರ ಜುಲೈನಲ್ಲಿ ಮಂಗಳನ ಬಳಿ ಹಾದುಹೋದಾಗ ಫಿಲ್ಮನ್ನು ಬಿಟ್ಟು ಅಂಕಿಗಳನ್ನು ನೆಚ್ಚಿತು. ಪ್ರತಿ ಚಿತ್ರದಲ್ಲಿ ಅಡ್ಡಕ್ಕೆ 200, ಉದ್ದಕ್ಕೆ 200 ಚುಕ್ಕೆಗಳು. ಪ್ರತಿ ಚುಕ್ಕೆಗೆ 64 ಛಾಯೆಗಳಲ್ಲಿ ಒಂದು. ಸೆಕೆಂಡಿಗೆ ಎಂಟು ಚಿಲ್ಲರೆ ಬಿಟ್ ವೇಗದಲ್ಲಿ ಒಂದೊಂದು ಚಿತ್ರ ಬರಲು ಎಂಟು ಗಂಟೆ ಬೇಕಾಯಿತು. ಕಂಪ್ಯೂಟರ್ ಚಿತ್ರವನ್ನು ಜೋಡಿಸುವವರೆಗೆ ಕಾಯಲಾರದ ಎಂಜಿನಿಯರುಗಳು ಅಂಕಿಗಳ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಬಣ್ಣದ ಕಡ್ಡಿಗಳಿಂದ ತಾವೇ ತುಂಬಿ ಮಂಗಳನ ಮೊದಲ ಚಿತ್ರ ನೋಡಿದರು. ಮಕ್ಕಳು ರಂಗೋಲಿಯ ಮನೆಗಳಿಗೆ ಬಣ್ಣ ತುಂಬುವಂತೆ. ಇಂದಿನ ಸಾಮಾನ್ಯ ಕ್ಯಾಮೆರಾದ ಎಂಟು ಮೆಗಾಬೈಟಿನ ಒಂದು ಚಿತ್ರವನ್ನು ಅದೇ ವೇಗದಲ್ಲಿ ಕಳಿಸಿದರೆ ಸುಮಾರು ಮೂರು ತಿಂಗಳು ಹಿಡಿದೀತು.

ಭೂಮಿಯ ಮೇಲೆ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ಕಟ್ಟಿದರು. ನೂರಕ್ಕೆ ನೂರು ಚುಕ್ಕೆಯ ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡು ಬೇಕಿತ್ತು. ಕಚೇರಿ, ಮನೆಗಳ ಯಂತ್ರಗಳು ತಂತಿಯಿಲ್ಲದೆ ಮಾತನಾಡಿಕೊಳ್ಳಲು ಸರ್ವಸಮ್ಮತ ನಿಯಮಾವಳಿ ಬಂದದ್ದು 1997ರಲ್ಲಿ. ಮುಂದೆ ವೈಫೈ ಎಂದು ಹೆಸರಾದದ್ದು ಅದೇ. 2005ರಲ್ಲಿ ನಿಕಾನ್ ಮತ್ತು ಕೊಡಾಕ್ ಸಂಸ್ಥೆಗಳು ವೈಫೈ ಇರುವ ಕ್ಯಾಮೆರಾಗಳನ್ನು ಸಾಮಾನ್ಯ ಗ್ರಾಹಕರಿಗಾಗಿ ಮಾರುಕಟ್ಟೆಗೆ ತಂದವು. ಎರಡು ವರ್ಷದ ಬಳಿಕ ಐ-ಫೈ ಎಂಬ ಸಂಸ್ಥೆ ಮೆಮೊರಿ ಕಾರ್ಡಿನೊಳಗೇ ರೇಡಿಯೋ ಅಡಗಿಸಿತು. ಹಳೆಯ ಕ್ಯಾಮೆರಾಕ್ಕೂ ಆ ಕಾರ್ಡು ತುರುಕಿದರೆ ಸಾಕು, ಚಿತ್ರ ತಾನಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಆದರೆ 2016ರಲ್ಲಿ ಹಳೆಯ ಕಾರ್ಡುಗಳಿಗೆ ಬೆಂಬಲ ನಿಂತಿತು. ಕಾರ್ಡು ಸವೆದಿರಲಿಲ್ಲ, ಆಚೆ ತುದಿಯಲ್ಲಿ ಅದರ ಮಾತು ಕೇಳುವವರು ಇಲ್ಲದಾದರು. ಅಕ್ಷರದ ಗುಂಡಿನ ಕಥೆ ಹತ್ತೇ ವರ್ಷದಲ್ಲಿ ಮರುಕಳಿಸಿತು.

ಮನೆಯ ಕ್ಯಾಮೆರಾದಲ್ಲಿ

ಇಂದಿನ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಕ್ಯಾಮೆರಾ ತಾನೇ ಒಂದು ಪುಟ್ಟ ಜಾಲವನ್ನು ಹುಟ್ಟಿಸುತ್ತದೆ. ಅದರ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿ ಕಾಣುತ್ತದೆ. ಕ್ಯಾಮೆರಾದ ಪರದೆಯ ಮೇಲಿನ ಗುಪ್ತಪದ ಕೊಟ್ಟರೆ ಬಾಗಿಲು ತೆರೆಯುತ್ತದೆ. ಬಯಲಿನಲ್ಲಿ, ಜಾತ್ರೆಯಲ್ಲಿ ಇದೇ ಅನುಕೂಲ. ಎರಡನೆಯದರಲ್ಲಿ ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡೂ ಮನೆಯ ಅಥವಾ ಸ್ಟುಡಿಯೋದ ರೌಟರಿಗೆ ಅತಿಥಿಗಳಾಗಿ ಬಂದು ಅದರ ಮೂಲಕ ಮಾತನಾಡುತ್ತವೆ. ಎರಡರಲ್ಲಿಯೂ, ಒಮ್ಮೆ ಪರಸ್ಪರ ಒಪ್ಪಿಗೆ ಕೊಟ್ಟರೆ ಮುಂದಿನ ಸಲ ಯಂತ್ರಗಳು ತಾವೇ ಗುರುತು ಹಿಡಿಯುತ್ತವೆ.

ಸಾಮಾನ್ಯವಾಗಿ ಕೆಲಸ ಕೆಡುವುದು ಮೂರು ಕಡೆ. ಕ್ಯಾಮೆರಾ ಬಲ್ಲ ಅಲೆಯ ಪಟ್ಟಿ ಒಂದು, ರೌಟರ್ ಮಾತನಾಡುವುದು ಇನ್ನೊಂದು ಆಗಿರಬಹುದು. ಕಂಪ್ಯೂಟರಿನ ಕಾವಲು ತಂತ್ರಾಂಶ ಅಪರಿಚಿತನೆಂದು ತಡೆಯಬಹುದು. ಇಲ್ಲವೇ ಚಿತ್ರ ತಲುಪಿದರೂ ಆ ಕಡತದ ಬಗೆಯನ್ನು ತೆರೆಯಬಲ್ಲ ತಂತ್ರಾಂಶ ಇಲ್ಲದಿರಬಹುದು. ದಾರಿ, ದ್ವಾರಪಾಲಕ, ಓದುಗ: ಇವರಲ್ಲಿ ಒಬ್ಬರು ಮುನಿದರೂ ಚಿತ್ರವಿಲ್ಲ. ಆದ್ದರಿಂದಲೇ ಅನುಭವಸ್ಥರು ಆ ತುದಿಯಲ್ಲಿ ಚಿತ್ರ ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸುವುದಿಲ್ಲ.

ಬ್ಯಾಲಾಳಿನ ಕಿವಿ

ಭಾರತ ಚಂದ್ರನತ್ತ ಹೊರಟಾಗ ಇದೇ ಪ್ರಶ್ನೆಗಳು ಲಕ್ಷಗಟ್ಟಲೆ ಕಿಲೋಮೀಟರಿನ ಅಳತೆಯಲ್ಲಿ ಎದುರಾದವು. ಅದಕ್ಕಾಗಿ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ 32 ಮೀಟರ್ ವ್ಯಾಸದ ಬಟ್ಟಲಿನಂಥ ಆಂಟೆನಾ ಎದ್ದು ನಿಂತಿತು. ಚಂದ್ರಯಾನ-1 ಉಡಾವಣೆಯಾದ ಒಂದೇ ವಾರದಲ್ಲಿ, 2008ರ ಅಕ್ಟೋಬರ್ 29ರಂದು, ಅದರ ಕ್ಯಾಮೆರಾ ಮೊದಲ ಬಾರಿ ಕಣ್ಣು ತೆರೆಯಿತು. ಸುಮಾರು 9 ಸಾವಿರ ಕಿ.ಮೀ. ಎತ್ತರದಿಂದ ತೆಗೆದ ಆಸ್ಟ್ರೇಲಿಯಾದ ಉತ್ತರ ಕರಾವಳಿಯ ಚಿತ್ರ ಬ್ಯಾಲಾಳಿಗೆ ಬಂದಿಳಿಯಿತು.

ಅದೇ ವರ್ಷದ ನವೆಂಬರ್ 14ರ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ತಾಯಿ ನೌಕೆಯಿಂದ ಬೇರ್ಪಟ್ಟ ಪುಟ್ಟ ಶೋಧಕ ಚಂದ್ರನತ್ತ ಬೀಳತೊಡಗಿತು. ಅದಕ್ಕಿದ್ದ ಆಯುಸ್ಸು 25 ನಿಮಿಷ. ಬೀಳುತ್ತಲೇ ಅದರ ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತು; ಚಿತ್ರಗಳು ರೇಡಿಯೋ ಮೂಲಕ ಮೇಲಿದ್ದ ತಾಯಿ ನೌಕೆಯ ನೆನಪಿನ ಕೋಶ ಸೇರುತ್ತಿದ್ದವು. ಶೋಧಕ ಅಪ್ಪಳಿಸಿ ನಾಶವಾದ ಮೇಲೆ, ತಾಯಿ ನೌಕೆ ಆ ಚಿತ್ರಗಳನ್ನು ಭೂಮಿಗೆ ಒಪ್ಪಿಸಿತು. ಕ್ಯಾಮೆರಾದಿಂದ ಬೇರೊಂದು ಯಂತ್ರಕ್ಕೆ ತಂತಿಯಿಲ್ಲದ ಚಿತ್ರ ಸಾಗಣೆ ಎಂದರೆ ಇದೇ. ವ್ಯತ್ಯಾಸವಿಷ್ಟೆ, ಇಲ್ಲಿ ಕಾರ್ಡು ತೆಗೆದು ಮತ್ತೊಮ್ಮೆ ನೋಡುವ ಅವಕಾಶವಿರಲಿಲ್ಲ.

ಚಂದ್ರನ ಮೇಲೆ ಮೆತ್ತಗೆ ಇಳಿಯಬೇಕೆಂದಾಗ ಸಮಸ್ಯೆ ಇನ್ನೂ ಬಿಗಿಯಾಯಿತು. ಚಂದ್ರ ಸುಮಾರು 3.84 ಲಕ್ಷ ಕಿ.ಮೀ. ದೂರದಲ್ಲಿದ್ದಾನೆ. ಬೆಳಕಿನ ವೇಗದಲ್ಲಿ ಹೋಗುವ ರೇಡಿಯೋ ಅಲೆಗೆ ಅಲ್ಲಿಂದ ಇಲ್ಲಿಗೆ ಬರಲು ಸುಮಾರು ಒಂದೂಕಾಲು ಸೆಕೆಂಡು, ಉತ್ತರ ಹೋಗಲು ಮತ್ತೊಂದೂಕಾಲು. ಕೆಳಗಿನ ಕುಳಿಯ ಚಿತ್ರವನ್ನು ಬೆಂಗಳೂರಿಗೆ ಕಳಿಸಿ, ಇಲ್ಲಿ ನೋಡಿ, ಎಡಕ್ಕೆ ಸರಿ ಎಂದು ಹೇಳುವಷ್ಟು ವ್ಯವಧಾನ ಇಳಿಯುವ ನೌಕೆಗೆ ಇಲ್ಲ. ಕ್ಯಾಮೆರಾದ ಚಿತ್ರವನ್ನು ನೌಕೆಯ ಕಂಪ್ಯೂಟರೇ ಓದಬೇಕು, ಅದೇ ತೀರ್ಮಾನಿಸಬೇಕು. ಇಲ್ಲಿಯವರೆಗೆ ಚಿತ್ರದ ಕೊನೆಯ ಓದುಗ ಮನುಷ್ಯನಾಗಿದ್ದ. ಈಗ ಆ ಸ್ಥಾನಕ್ಕೆ ಯಂತ್ರ ಬಂದಿತು. ಹೊಸ ಓದುಗನಿಗೆ ಅಕ್ಷರಾಭ್ಯಾಸವಾಗಬೇಕಿತ್ತು. ಉಳ್ಳಾರ್ತಿಯ ಗುಂಡಿಗಳು ಅದಕ್ಕಾಗಿ.

ಕಾವಲಿನ ಪಾಠಶಾಲೆ

ಚಳ್ಳಕೆರೆಯನ್ನೇ ಆರಿಸಿದ್ದಕ್ಕೆ ಕಾರಣ ಅದರ ಬಯಲು. ಈ ಭಾಗದ ಅಮೃತಮಹಲ್ ಕಾವಲುಗಳಿಗೆ ದೊಡ್ಡ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾಯಿತು; ಸೈನ್ಯದ ತೋಪು ಎಳೆಯುವ ದನಗಳ ತಳಿ ಬೆಳೆದದ್ದು ಇಂಥ ಕಾವಲುಗಳಲ್ಲಿ. ಮರ ವಿರಳ, ಮನೆ ವಿರಳ, ಹುಲ್ಲು ವಿಪುಲ. ವಿಮಾನ ಹಾರಿಸಿ ನೋಡುವವರಿಗೆ ಬೇಕಾದದ್ದೂ ಇಂಥದೇ ನೆಲ. ಹೀಗಾಗಿ 2008ರ ನಂತರದ ವರ್ಷಗಳಲ್ಲಿ ವರವೂರು, ಕುದಾಪುರ, ಉಳ್ಳಾರ್ತಿ ಸುತ್ತಿನ ಸುಮಾರು 10 ಸಾವಿರ ಎಕರೆ ಕಾವಲು ಭೂಮಿ ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವಕ್ಕೆ ಹಂಚಿಕೆಯಾಯಿತು.

ವರವೂರಿನ ಬಳಿಯ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲ ಬಾರಿ ಹಾರಿತು. ತಪಸ್ ಎಂದು ಮರುಹೆಸರು ಪಡೆದ ಈ ವಿಮಾನದ ಮುಖ್ಯ ಕೆಲಸವೇ ಆಕಾಶದಿಂದ ನೋಡಿದ್ದನ್ನು ನೆಲಕ್ಕೆ ಕಳಿಸುವುದು. ವಲಯದ ವಿಧ್ಯುಕ್ತ ಉದ್ಘಾಟನೆ ನಡೆದದ್ದು 2017ರ ಮೇ 28ರಂದು.

ನೆಲದ ಒಂದೇ ನಿಲ್ದಾಣ ಎಷ್ಟು ದೂರದ ವಿಮಾನದೊಡನೆ ನೇರವಾಗಿ ಮಾತನಾಡಬಲ್ಲದು? ಇದಕ್ಕೆ ಭೂಮಿಯ ದುಂಡುತನವೇ ಮಿತಿ. 20 ಸಾವಿರ ಅಡಿ ಎತ್ತರದ ವಿಮಾನಕ್ಕೆ ರೇಡಿಯೋ ದಿಗಂತ ಸುಮಾರು 320 ಕಿ.ಮೀ. ಅದರಾಚೆ ಬೇರೆ ಕೈ ಬೇಕು. 2023ರ ಜೂನ್ 16ರಂದು ನಡೆದ ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೆಳಿಗ್ಗೆ 7.35ಕ್ಕೆ ಇಲ್ಲಿಂದ ಹೊರಟ ತಪಸ್, 285 ಕಿ.ಮೀ. ದೂರದ ಕಾರವಾರದ ಕಡೆಗೆ ಸಾಗಿತು. ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ಸುಭದ್ರಾ ಎಂಬ ಯುದ್ಧನೌಕೆ ಅದರ ನಿಯಂತ್ರಣವನ್ನು ವಹಿಸಿಕೊಂಡು 40 ನಿಮಿಷ ನಡೆಸಿತು. ಮೂರೂವರೆ ಗಂಟೆ ಹಾರಿದ ವಿಮಾನ ಮರಳಿ ಚಳ್ಳಕೆರೆಯಲ್ಲಿ ಇಳಿಯಿತು. ಸುವರ್ಣಗಿರಿಯ ಆಜ್ಞೆ ಇಸಿಲಕ್ಕೆ ಬಂದ ನಾಡಿನಿಂದ, ಕಡಲ ಮೇಲಿನ ಸುಭದ್ರಾಕ್ಕೆ ಆಜ್ಞಾಧಿಕಾರ ಹಸ್ತಾಂತರವಾಯಿತು.

ಎಲ್ಲ ಹಾರಾಟಗಳೂ ಹೀಗೆ ಸುಖಾಂತವಾಗಲಿಲ್ಲ. 2019ರ ಸೆಪ್ಟೆಂಬರ್ 17ರಂದು ಇದೇ ಬಗೆಯ ವಿಮಾನವೊಂದು ಚಿತ್ರದುರ್ಗ ಜಿಲ್ಲೆಯ ಜೋಡಿ ಚಿಕ್ಕೇನಹಳ್ಳಿಯ ಬಳಿ ಹೊಲದಲ್ಲಿ ಬಿದ್ದಿತು. ಅದೃಷ್ಟವಶಾತ್ ಯಾರಿಗೂ ಅಪಾಯವಾಗಲಿಲ್ಲ. ಸುತ್ತ ಸೇರಿದ ಹಳ್ಳಿಗರ ಮೊಬೈಲಿನಲ್ಲಿ ಸೆರೆಯಾದ ಅದರ ಚಿತ್ರಗಳು ಕೆಲವೇ ಹೊತ್ತಿನಲ್ಲಿ ಊರೂರು ಹಬ್ಬಿದವು. ಚಿತ್ರ ಕಳಿಸಲೆಂದೇ ಕಟ್ಟಿದ ಯಂತ್ರ ನೆಲದಲ್ಲಿ ಮಾತಿಲ್ಲದೆ ಬಿದ್ದಿತ್ತು. ಆ ಕೆಲಸವನ್ನು ಜನರ ಜೇಬಿನ ಕ್ಯಾಮೆರಾ ಮಾಡಿತು.

ಸೋಲು ಕಲಿಸಿದ್ದು

ಅದಕ್ಕೆ ಹತ್ತು ದಿನ ಮೊದಲು, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಇಡೀ ದೇಶ ಎಚ್ಚರವಿದ್ದು ನೋಡುತ್ತಿದ್ದಾಗ ಚಂದ್ರಯಾನ-2ರ ವಿಕ್ರಮ್ ನೌಕೆಯ ದನಿ ನಿಂತಿತು. ಕಾರಣಗಳನ್ನು ಇಸ್ರೋ ಅನಂತರ ವಿವರಿಸಿತು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟಿದ್ದವು. ಆದರೆ ಕ್ಯಾಮೆರಾ ಚಿತ್ರ ತೆಗೆಯುವ ಘಟ್ಟದಲ್ಲಿ ನೌಕೆ ಅಲುಗಾಡದೆ ಒಂದೇ ಭಂಗಿಯಲ್ಲಿ ಇರಬೇಕಾಗಿತ್ತು. ಆ ಹೊತ್ತಿನಲ್ಲಿ ತಪ್ಪುಗಳು ಒಂದರ ಮೇಲೊಂದು ಸೇರುತ್ತಲೇ ಹೋದವು, ತಿದ್ದಲು ಅವಕಾಶವಿರಲಿಲ್ಲ. ಅದು ಮುಗಿದು ತಿದ್ದಿಕೊಳ್ಳಲು ಹೊರಟಾಗ, ತೀರ ವೇಗವಾಗಿ ತಿರುಗದಂತೆ ತಂತ್ರಾಂಶ ಕಟ್ಟಿಹಾಕಿತ್ತು. ಸಾಲದ್ದಕ್ಕೆ, ಇಳಿಯಬೇಕಿದ್ದ ಜಾಗ ಬರಿಯ 500 ಮೀಟರ್ ಅಗಲ, 500 ಮೀಟರ್ ಉದ್ದ. ಫೋಟೊ ತೆಗೆಸಿಕೊಳ್ಳುವವರಿಗೆ ಸ್ಟುಡಿಯೋದವನು ಹೇಳುವ ಅಲುಗಾಡಬೇಡಿ ಎಂಬ ಮಾತೇ ಇಲ್ಲಿ ದುಬಾರಿಯಾಯಿತು.

ಮುಂದಿನ ಯತ್ನಕ್ಕೆ ಉಳ್ಳಾರ್ತಿ ಮತ್ತೆ ಬೇಕಾಯಿತು. ಮಳೆ, ಧೂಳುಗಳಿಂದ ಹಳೆಯ ಗುಂಡಿಗಳ ಆಕಾರ ಕೆಟ್ಟಿತ್ತು. ಭೂಮಿಯ ಮೇಲೆ ಚಂದ್ರನನ್ನು ಕಟ್ಟುವುದರ ತೊಡಕೇ ಇದು. ಅಲ್ಲಿ ಕೋಟ್ಯಂತರ ವರ್ಷ ಉಳಿಯುವ ಕುಳಿಯನ್ನು ಇಲ್ಲಿನ ಒಂದೆರಡು ಮಳೆಗಾಲ ಅಳಿಸಿಬಿಡುತ್ತದೆ. ಸುಮಾರು 10 ಮೀಟರ್ ವ್ಯಾಸದ, 3 ಮೀಟರ್ ಆಳದ ಹೊಸ ಕುಳಿಗಳನ್ನು ತೋಡಲು 2020ರಲ್ಲಿ ಯೋಜಿಸಲಾಯಿತು. ಸಂವೇದಕಗಳನ್ನು ಹೆಲಿಕಾಪ್ಟರಿಗೆ ಅಳವಡಿಸಿ ನಡೆಸಿದ ಪರೀಕ್ಷೆಗಳೂ ಸೇರಿದಂತೆ ಹತ್ತಾರು ಬಗೆಯಲ್ಲಿ ಯಂತ್ರದ ಓದನ್ನು ಒರೆಗೆ ಹಚ್ಚಲಾಯಿತು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು.

2023ರ ಆಗಸ್ಟ್ 21ರಂದು, ಚಂದ್ರನನ್ನು ಸುತ್ತುತ್ತಲೇ ಇದ್ದ ಚಂದ್ರಯಾನ-2ರ ಹಳೆಯ ನೌಕೆ ಹೊಸ ವಿಕ್ರಮನೊಡನೆ ಸಂಪರ್ಕ ಸಾಧಿಸಿ ಸ್ವಾಗತ ಹೇಳಿತೆಂದು ಇಸ್ರೋ ಪ್ರಕಟಿಸಿತು. ಕುಶಲ ಪ್ರಶ್ನೆಯ ಸಂಪ್ರದಾಯ ಚಂದ್ರಲೋಕದಲ್ಲಿಯೂ ತಪ್ಪಲಿಲ್ಲ. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿಯಿತು. ಕೊನೆಯ ಘಟ್ಟದಲ್ಲಿ, ಸುಮಾರು 150 ಮೀಟರ್ ಎತ್ತರದಲ್ಲಿ ತೇಲಿ ನಿಂತು, ಕೆಳಗಿನ ಚಿತ್ರವನ್ನು ತಾನೇ ಓದಿ, ಜಾಗ ಸುರಕ್ಷಿತವೆಂದು ತಾನೇ ಒಪ್ಪಿಕೊಂಡು ಕಾಲೂರಿತು.

ಒಂದು ವಾರದ ಬಳಿಕ, ಆಗಸ್ಟ್ 30ರ ಬೆಳಿಗ್ಗೆ 7.35ಕ್ಕೆ, ವಿಕ್ರಮನ ಹೊಟ್ಟೆಯಿಂದ ಹೊರಬಂದಿದ್ದ ಪ್ರಜ್ಞಾನ್ ಎಂಬ ಪುಟ್ಟ ಗಾಡಿ ಹಿಂದಿರುಗಿ ನೋಡಿ ವಿಕ್ರಮನ ಚಿತ್ರ ತೆಗೆಯಿತು. ಆ ಕ್ಯಾಮೆರಾ ಬೆಂಗಳೂರಿನ ಪ್ರಯೋಗಾಲಯದಲ್ಲಿ ತಯಾರಾದದ್ದು. ಪ್ರಜ್ಞಾನ್ ಭೂಮಿಯೊಡನೆ ನೇರವಾಗಿ ಮಾತನಾಡಲಾರದು. ಅದು ಚಿತ್ರವನ್ನು ವಿಕ್ರಮನಿಗೆ ತಂತಿಯಿಲ್ಲದೆ ದಾಟಿಸಿತು, ವಿಕ್ರಮ್ ಭೂಮಿಗೆ ಕಳಿಸಿತು. ಮನೆಯ ಕ್ಯಾಮೆರಾ ರೌಟರಿಗೆ, ರೌಟರು ಹೊರಜಗತ್ತಿಗೆ ಎಂಬ ಏರ್ಪಾಡೇ ಚಂದ್ರನ ದಕ್ಷಿಣ ಭಾಗದಲ್ಲಿ ನಡೆಯಿತು.

ಓದದೇ ಉಳಿದ ಚಿತ್ರ

ಈ ಸಾಧನೆಯ ಲೆಕ್ಕದಲ್ಲಿ ಕಾವಲಿನ ಜನರ ಪಾಲೂ ಸೇರಬೇಕು. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರಿ ಮೇಯಬೇಕು, ಉಣ್ಣೆ ಬರಬೇಕು, ಮಗ್ಗ ಆಡಬೇಕು. ಇದಕ್ಕೆಲ್ಲ ಆಧಾರ ಈ ಹುಲ್ಲುಗಾವಲು. ಭೂಮಿ ಹಂಚಿಕೆಯಾಗಿ ಗೋಡೆ, ಬೇಲಿಗಳು ಎದ್ದಾಗ ದನಕುರಿಗಳ ಹಳೆಯ ದಾರಿಗಳು ಮುಚ್ಚಿದವು. ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕೃಷ್ಣಮೃಗದಂಥ ವನ್ಯಜೀವಿಗಳ ನೆಲೆಯೂ ಇದೇ ಬಯಲೆಂದು ಪರಿಸರವಾದಿಗಳು ನೆನಪಿಸಿದರು.

ಅಧಿಕಾರಿಗಳ ನಕಾಶೆಯಲ್ಲಿ ಕಾವಲು ಕಂಡದ್ದು ಖಾಲಿ ಬಯಲಾಗಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಗುಡಿಸಲುಗಳಿಲ್ಲ, ಬೆಳೆಯಿಲ್ಲ. ಆದ್ದರಿಂದ ಯಾರೂ ಇಲ್ಲ ಎಂದು ಓದಿಕೊಳ್ಳುವುದು ಸುಲಭ. ಕುರಿಗಾಹಿಗೆ ಅದೇ ನೆಲ ತುಂಬಿದ ಪುಟ. ಯಾವ ತಿಂಗಳು ಯಾವ ಮಗ್ಗುಲಲ್ಲಿ ಹುಲ್ಲು, ಯಾವ ಹಳ್ಳದಲ್ಲಿ ನೀರು, ಯಾವ ಗುಡ್ಡದ ಮೇಲೆ ದೇವರು ಎಂಬುದೆಲ್ಲ ಅವನು ಅಲ್ಲಿ ಓದಬಲ್ಲ. ಬಂಡೆಯ ಮೇಲಿನ ಬ್ರಾಹ್ಮಿಯನ್ನು ಓದಲು ಹೊರಗಿನವರು ಬರಬೇಕಾಯಿತು. ಹುಲ್ಲಿನ ಮೇಲಿನ ಬರಹವನ್ನು ಓದಲು ಹೊರಗಿನವರು ಇಲ್ಲಿನವರನ್ನು ಕೇಳಬೇಕಾಗಿತ್ತು.

ಬ್ಯಾಲಾಳಿನ ಬಟ್ಟಲಿಗೆ ಬಂದ ಚಂದ್ರನ ಚಿತ್ರಗಳನ್ನು ನಾಡಿನ ಮಕ್ಕಳು ಇಂದು ಪಾಠದಲ್ಲಿ ನೋಡುತ್ತಾರೆ. ಆ ಚಿತ್ರಗಳ ಹಿಂದೆ ಉಳ್ಳಾರ್ತಿಯ ಕೆಂಪು ಮಣ್ಣಿನ ಗುಂಡಿಗಳಿವೆ ಎಂಬುದನ್ನು ಅವರಿಗೆ ಹೇಳಬೇಕು. ಆ ಗುಂಡಿಗಳ ಸುತ್ತ ಕುರಿ ಮೇಯಿಸುತ್ತಿದ್ದವರು ಯಾರೆಂಬುದನ್ನೂ ಹೇಳಬೇಕು. ಇಸಿಲದ ಮಹಾಮಾತ್ರರಿಗೆ ಬಂದ ಓಲೆ ಮೊದಲು ಕುಶಲ ವಿಚಾರಿಸಿ, ಆಮೇಲಷ್ಟೇ ಆಜ್ಞೆಗೆ ಬಂದಿತ್ತು. ಮೊಳಕಾಲ್ಮುರಿನ ಬಂಡೆಯ ಮೇಲೆ ಆ ಕ್ರಮ ಇನ್ನೂ ಓದಲು ಸಿಗುತ್ತದೆ.